ನಾನು ನೋಡಬಾರದಿದ್ದ ಮದುವೆ

ಮೇ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ ಪುತ್ತೂರಿನ ಒಂದು ಮದುವೆ ಹಾಲಿನ ಕೆಳಗಿನ ಊಟದ ಕೋಣೆ. ಆ ದಿನ ಅಲ್ಲಿ ಮದುವೆ ಇರಲಿಲ್ಲವಾದ್ದರಿಂದ ನಮ್ಮ ಸಿನೆಮಾದ ಮೊದಲ ಪ್ರದರ್ಶನಕ್ಕೆ ಸಿಕ್ಕಿತ್ತು. ಹಾಜರಿದ್ದವರು ನಾನು, ಸಿನೆಮಾ ನಿರ್ದೇಶಿಸಿದ ನನ್ನ ತಮ್ಮನ ಮಗಳು, ಅವಳ ತಾಯಿ, ಕ್ಯಾಮರಾ ಹಿಡಿದ ಕಡಬದ ಮೊಬೈಲ್ ಅಂಗಡಿಯವ, ನಟಿಸಿದವರು ಮತ್ತು ಅವರ ಮನೆಯವರು. ನನ್ನ ತಮ್ಮ ಬಂದಿರಲಿಲ್ಲ. ಅವನಿಗೆ ಗುಂಡ್ಯದಲ್ಲಿ ಹೋಟೆಲು. ಭಾನುವಾರ ಘಾಟಿ ಇಳಿದು ಬರುವವರೆಲ್ಲ ಅಲ್ಲಿಯೇ ಚಹಾ ಕುಡಿಯುವುದರಿಂದ ಅವನಿಗೆ ಕದಲಲು ಆಗುವುದಿಲ್ಲ.

ಹತ್ತು ಎಂದರೆ ಹತ್ತಕ್ಕೇ ಶುರುವಾಯಿತು. ಅದು ನನ್ನ ಕೆಲಸವಾಗಿತ್ತು. ನಿವೃತ್ತನಾಗುವವರೆಗೆ ನಾನು ಸುಬ್ರಹ್ಮಣ್ಯದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಪ್ರಸಾದ ತರುತ್ತೇನೆಂದು ಹೋದವರಿಗಾಗಿ ಬಸ್ಸು ಕಾಯುವುದಿಲ್ಲ. ಸೀಟಿ ಊದಿದ ಮೇಲೆ ಹೊರಡಲೇಬೇಕು. ಅದಕ್ಕೂ ಮೊದಲು ಗಂಟೆ ಬಾರಿಸಿದಾಗ ಏಳುವ, ಗಂಟೆ ಬಾರಿಸಿದಾಗ ಉಣ್ಣುವ ಹಾಸ್ಟೆಲಿನಲ್ಲಿ ಓದಿದವ ನಾನು. ಹೀಗೆ ಬೆಳೆದವನಿಗೆ ಇನ್ನೊಬ್ಬರ ಗಡಿಬಿಡಿ ನೋಡಿದರೆ ಸುಮ್ಮನೆ ಕೂರಲು ಆಗುವುದಿಲ್ಲ. ಆ ಸಿನೆಮಾದ ತಂಡಕ್ಕೆ ನಾನು ಸೇರಿದ್ದೇ ಹಾಗೆ.

ಬೇರೆ ಭಾಷೆಯಲ್ಲಿ ಒಂದರ ಹಿಂದೆ ಒಂದರಂತೆ ಬಂದ ದೆವ್ವದ ತಮಾಷೆ ಸಿನೆಮಾಗಳ ಒಂದು ಸಾಲು ಉಂಟು. ಇದ್ದ ಮನೆ ಕೆಡವಿದ್ದರಿಂದ ಬೀದಿಗೆ ಬಿದ್ದ ದೆವ್ವಗಳಿಗೆ ಬಾಡಿಗೆ ಮನೆ ಹುಡುಕಿಕೊಡುವ ಮೂವರು ದಲ್ಲಾಳಿಗಳ ಕಥೆ. ಪ್ರತಿ ಸಲವೂ ಹೊಸ ದೆವ್ವ, ಹೊಸ ಮನೆ. ದಲ್ಲಾಳಿಗಳ ಹೆದರಿಕೆ ಮತ್ತು ಜಗಳ ಮಾತ್ರ ಹಳೆಯದೇ. ನನ್ನ ತಮ್ಮನ ಮಗಳಿಗೆ ಹೈಸ್ಕೂಲಿಗೆ ಹೋಗುವಾಗಿನಿಂದ ಅದರ ಹುಚ್ಚು. ಈಗ ಅವಳಿಗೆ ಮೂವತ್ತರ ಹತ್ತಿರ. ಪುತ್ತೂರಿನ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಾಳೆ. ಆ ಮೂವರು ದಲ್ಲಾಳಿಗಳು ನಮ್ಮ ಕಡೆಗೆ ಬಂದರೆ ಹೇಗಿದ್ದೀತು ಎಂದು ತಾನೇ ಕಥೆ ಬರೆದು, ಗೆಳೆಯರನ್ನು ಸೇರಿಸಿ, ಪೂರಾ ಎರಡು ಗಂಟೆಯ ಸಿನೆಮಾ ಮಾಡಲು ಹೊರಟಳು. ಅಭಿಮಾನಿಗಳು ಅಭಿಮಾನಕ್ಕೆ ಮಾಡುವ ಸಿನೆಮಾ. ಟಿಕೆಟ್ ಇಡುವ ಹಾಗಿಲ್ಲ, ಮಾರುವ ಹಾಗಿಲ್ಲ. ಇಂಟರ್ನೆಟ್ಟಿಗೆ ಹಾಕುವುದು, ಯಾರು ಬೇಕಾದರೂ ನೋಡಬಹುದು.

"ದೊಡ್ಡಪ್ಪ, ಒಬ್ಬರೂ ಹೇಳಿದ ಹೊತ್ತಿಗೆ ಬರುದಿಲ್ಲ. ನೀವೊಮ್ಮೆ ಬಂದು ಎಲ್ಲರಿಗೂ ಬೈದು ಹೋಗಿ," ಎಂದು ಒಂದು ಶನಿವಾರ ಕೇಳಿಕೊಂಡಳು. ಬೈಯಲು ಹೋದವನು ಎರಡು ವರ್ಷ ಭಾನುವಾರಗಳಲ್ಲಿ ಅಲ್ಲಿಯೇ ಉಳಿದೆ. ಹಳೆಯ ಸೀಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡೆ. ಯಾರು ಯಾವ ಬಸ್ಸಿಗೆ ಬರಬೇಕು, ಯಾರ ಮನೆಯಿಂದ ಊಟ, ಬಿಸಿಲು ಏರುವ ಮೊದಲು ಯಾವ ದೃಶ್ಯ ಮುಗಿಯಬೇಕು ಎಂಬುದೆಲ್ಲ ನನ್ನ ಪಾಲಿಗೆ ಬಂತು. ದಲ್ಲಾಳಿಗಳ ಮುಖಂಡನ ಪಾತ್ರ ಮಾಡಿದ ರಿಕ್ಷಾದವ ಮಾತ್ರ ಕೊನೆಯವರೆಗೂ ಸರಿಹೋಗಲಿಲ್ಲ.

"ಕಂಟ್ರೋಲರ್ರೇ, ದೆವ್ವಕ್ಕೂ ಟೈಮಿಂಗ್ಸ್ ಉಂಟಾ ಮಾರಾಯ್ರೆ?"

"ಉಂಟು. ನಿನಗಿಂತ ಚೆನ್ನಾಗಿ ಪಾಲಿಸ್ತದೆ."

"ಅದಕ್ಕೆ ರಿಕ್ಷಾದ ಲೋನ್ ಇಲ್ಲ. ಅದು ಪಾಲಿಸ್ತದೆ."

ಇಂಥ ಮಾತುಗಳಲ್ಲಿ ಭಾನುವಾರಗಳು ಕಳೆದವು. ನನಗೆ ಖುಷಿಯಾಗುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಸುಳ್ಯದಲ್ಲಿ ಹೊಳೆಯ ಬದಿ ಶೂಟಿಂಗ್ ಇದ್ದ ಒಂದು ದಿನ ಮೋಡ ಕವಿಯಿತು. ಬೆಳಕು ಬರುವವರೆಗೆ ಕೆಲಸವಿಲ್ಲ. ಉಳಿದವರು ಗೋಳಿಬಜೆ ತಿನ್ನಲು ಪೇಟೆಗೆ ಹೋದರು. ಕಲ್ಲಿನ ಮೇಲೆ ನಾನು ಮತ್ತು ತಮ್ಮನ ಮಗಳು ಇಬ್ಬರೇ. ಅವಳು ಕೇಳಿದಳು, "ದೊಡ್ಡಪ್ಪ, ನೀವು ಯಾಕೆ ಮದುವೆ ಆಗ್ಲಿಲ್ಲ?"

ಅದುವರೆಗೆ ಅವಳು ಅದನ್ನು ಕೇಳಿರಲಿಲ್ಲ. ನಾನು ಹೇಳಿದೆ.

ನನಗೆ ಒಬ್ಬಳು ತಂಗಿ ಇದ್ದಳು. ನಾಲ್ಕನೇ ವಯಸ್ಸಿನಲ್ಲಿ ಜ್ವರ ಬಂದು ತೀರಿಹೋದಳು. ಮುಂದೆ ನನಗೆ ಹೆಣ್ಣು ನೋಡಲು ಶುರುಮಾಡಿದಾಗ ಬಂದ ಸಂಬಂಧಗಳೆಲ್ಲ ಕೊನೆಯ ಗಳಿಗೆಯಲ್ಲಿ ತಪ್ಪಿದವು. ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಟ್ಟರು. ಹೋದ ಹುಡುಗಿಗೆ ಈಗ ಮದುವೆಯ ಪ್ರಾಯ, ಅವಳದ್ದು ಆಗದೆ ಅಣ್ಣನದ್ದು ಆಗುವುದಿಲ್ಲ ಎಂದು ಕಂಡುಬಂತು. ನಮ್ಮಲ್ಲಿ ಹೋದವರೂ ಬೆಳೆಯುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೆ ಎಲೆ ಹಾಕಿ ಬಡಿಸುತ್ತೇವೆ, ಕಾಲ ಬಂದಾಗ ಮದುವೆಯನ್ನೂ ಮಾಡುತ್ತೇವೆ. ಹೋದವರ ಆತ್ಮಕ್ಕೆ ಕುಲೆ ಎನ್ನುವುದರಿಂದ ಇದಕ್ಕೆ ಕುಲೆ ಮದುವೆ ಎನ್ನುತ್ತಾರೆ. ಸುಳ್ಯದ ಕಡೆಯ ಒಂದು ಮನೆಯಲ್ಲಿ ಹಸುಗೂಸಾಗಿದ್ದಾಗ ಹೋದ ಗಂಡೊಂದು ಇತ್ತು. ಎರಡು ಮನೆಯವರೂ ಹೋಗಿ ಬಂದು, ಮಾತಾಡಿ, ವೀಳ್ಯ ಬದಲಿಸಿ, ಆಟಿಯ ಒಂದು ಸಂಜೆ ನಮ್ಮ ಪೆರಾಬೆಯ ಮನೆಯ ಚಾವಡಿಯಲ್ಲಿ ಧಾರೆ ಎಂದು ನಿಶ್ಚಯವಾಯಿತು. ಕ್ರಮದಂತೆ ಎರಡು ಮಣೆ, ಒಂದರ ಮೇಲೆ ಪಂಚೆ, ಇನ್ನೊಂದರ ಮೇಲೆ ಸೀರೆ, ಬಳೆ, ಕರಿಮಣಿ, ಮಲ್ಲಿಗೆ. ದಿಬ್ಬಣ, ಆರತಿ, ಊಟ ಎಲ್ಲವೂ ಬದುಕಿದವರ ಮದುವೆಯಂತೆಯೇ.

ಒಂದು ಕಟ್ಟಳೆ ಮಾತ್ರ ಬೇರೆ. ಮದುವೆಯಾಗದವರು ಅದನ್ನು ನೋಡಬಾರದು. ನೋಡಿದರೆ ಅವರ ಮದುವೆ ನಿಲ್ಲುತ್ತದೆ. ಯಾರ ಮದುವೆಗಾಗಿ ಇಷ್ಟೆಲ್ಲ ನಡೆಯುತ್ತಿತ್ತೋ ಆ ನನ್ನನ್ನೇ ಹೊರಗೆ ಕಳಿಸಿದರು, ತಮ್ಮನನ್ನೂ ಕಳಿಸಿದರು. ನಾವು ಚಾವಡಿಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂತೆವು. ಗೋಡೆಯಲ್ಲಿ ಬೆಳಕಿಂಡಿ ಇತ್ತು. ತಮ್ಮ ಎರಡು ಸಲ ಅದರ ಕಡೆ ನೋಡಿದ, ನಾನು ಅವನ ಕೈ ಹಿಡಿದು ಕೂರಿಸಿದೆ. ಕೇಳಲು ಅಡ್ಡಿ ಇರಲಿಲ್ಲ. ಹೆಂಗಸರು ಮದುಮಗಳನ್ನು ತಮಾಷೆ ಮಾಡುತ್ತಿದ್ದರು. "ಎಷ್ಟು ನಾಚುದು ಮಾರಾಯ್ತಿ, ಕುತ್ತಿಗೆ ಎತ್ತು." "ಗಂಡಿನ ಮೀಸೆ ನೋಡಿದ್ಯಾ?" ಎಲ್ಲರೂ ನಗುತ್ತಿದ್ದರು. ಕೊನೆಗೆ ಹೆಣ್ಣು ಒಪ್ಪಿಸಿ ಕೊಡುವಾಗ ನಗು ನಿಂತಿತು. ಅಮ್ಮನ ಧ್ವನಿ ಮಾತ್ರ ಕೇಳಿತು.

"ಚಪ್ಪಲಿ ಹಾಕಿಕೋ ಮಗಾ. ಅವರ ಮನೆ ದಾರಿಯಲ್ಲಿ ಮುಳ್ಳುಂಟು."

ತಂಗಿಗೆ ಬದುಕಿದ್ದಾಗ ಚಪ್ಪಲಿ ಇರಲಿಲ್ಲ. ಆ ದಿನದ ಬಗ್ಗೆ ಅಮ್ಮ ಮತ್ತೆ ಮಾತಾಡಲಿಲ್ಲ, ನಾನು ಕೇಳಲೂ ಇಲ್ಲ. ತಮ್ಮನಿಗೆ ಬೇಗ ಸಂಬಂಧ ಕೂಡಿಬಂತು. ನನಗೆ ಬರಲಿಲ್ಲ. ಅದಕ್ಕೆ ಯಾರೂ ಕಾರಣರಲ್ಲ. ಆದರೆ ಮದುವೆಯಾಗದವನಾಗಿಯೇ ಉಳಿದದ್ದರಿಂದ ಆ ಕಟ್ಟಳೆ ನನ್ನ ಮೇಲೆ ಇಂದಿಗೂ ಉಂಟು ಎಂದೇ ನಾನು ಇಟ್ಟುಕೊಂಡಿದ್ದೆ. ಮದುವೆ ನೋಡಿದ ಹಿರಿಯರಲ್ಲಿಯೂ ಅದು ಹೇಗಿತ್ತೆಂದು ವಿಚಾರಿಸಿದವನಲ್ಲ. ಗೋಡೆಯ ಈಚೆಯಿಂದ ಕೇಳಿದ್ದಷ್ಟೇ ನನ್ನದು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಬೆಳಕು ಬಂದಿತ್ತು. ಎದ್ದು ಪಂಚೆ ಕೊಡವಿ ಹೇಳಿದೆ, "ಇದು ನಿನ್ನ ಸಿನೆಮಾಕ್ಕೆ ಅಲ್ಲ."

"ಛೆ, ಎಂತ ಮಾತು ದೊಡ್ಡಪ್ಪ. ಅದು ನಮ್ಮ ಮನೆಯದ್ದು," ಎಂದಳು. ಕಣ್ಣು ಒರೆಸಿಕೊಂಡಳು ಕೂಡ. ನಾನು ಸೀಟಿ ಊದಿದೆ.

ಈಗ ಪುತ್ತೂರಿನ ಆ ಕೋಣೆಗೆ ಬರುತ್ತೇನೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿಸಿದ್ದೆ. ಮಕ್ಕಳನ್ನು ಮುಂದೆ ನೆಲದ ಮೇಲೆ, ದೊಡ್ಡವರನ್ನು ಕುರ್ಚಿಯಲ್ಲಿ ಕೂರಿಸಿ, ನಾನು ಬಾಗಿಲ ಬಳಿ ನಿಂತೆ. ಮೊದಲ ಅರ್ಧ ನಾನು ಕಂಡದ್ದೇ. ಎಲ್ಲಿ ಯಾರು ತಡವಾಗಿ ಬಂದಿದ್ದರು, ಯಾವ ದೃಶ್ಯದ ಹಿಂದೆ ನಾಯಿ ಬೊಗಳಿತ್ತು ಎಂಬುದೆಲ್ಲ ನೆನಪಿಗೆ ಬರುತ್ತಿತ್ತು. ಜನ ನಕ್ಕರು, ನಾನೂ ನಕ್ಕೆ. ಸಿನೆಮಾ ಚೆನ್ನಾಗಿಯೇ ಬಂದಿತ್ತು.

ಮಧ್ಯಂತರದ ನಂತರ ದಲ್ಲಾಳಿಗಳು ಒಂದು ಹೆಣ್ಣು ದೆವ್ವಕ್ಕೆ ಮನೆ ತೋರಿಸುತ್ತಾರೆ. ಅದು ಎಷ್ಟು ಮನೆ ತೋರಿಸಿದರೂ ಒಪ್ಪುವುದಿಲ್ಲ. ಮದುವೆಯಾಗದೆ ತಾನು ಯಾವ ಮನೆಗೂ ಹೋಗುವುದಿಲ್ಲ ಎನ್ನುತ್ತದೆ. ಈ ಭಾಗದ ಶೂಟಿಂಗಿಗೆ ನಾನು ಇರಲಿಲ್ಲ. ಕಥೆ ಬದಲಾಗಿರಬೇಕು ಎಂದುಕೊಂಡು ನಿಂತಿದ್ದೆ. ಆಗ ಪರದೆಯ ಮೇಲೆ ಒಂದು ಚಾವಡಿ ಕಂಡಿತು. ಎರಡು ಮಣೆ. ಒಂದರ ಮೇಲೆ ಸೀರೆ ಉಟ್ಟು ತಲೆ ಬಗ್ಗಿಸಿ ಕೂತ ಮದುಮಗಳು. ಗಿಳಿ ಹಸಿರಿನ ಒಡಲು, ಅರಸಿನ ಬಣ್ಣದ ಅಂಚು. ಅಂಚಿನಲ್ಲಿ ಇಲಿ ಕಚ್ಚಿದ ಜಾಗಕ್ಕೆ ಕೆಂಪು ನೂಲಿನ ಹೊಲಿಗೆ. ಆ ಹೊಲಿಗೆ ನನ್ನ ಅಮ್ಮನದ್ದು.

ಅದು ತಂಗಿಯ ಧಾರೆ ಸೀರೆ. ಪೆರಾಬೆಯ ಮನೆಯಲ್ಲಿ ಒಂದು ಮರದ ಪೆಟ್ಟಿಗೆಯಲ್ಲಿ ಇರುವುದು. ಆಟಿಯಲ್ಲಿ ಬಡಿಸುವ ದಿನ ಮಾತ್ರ ಹೊರಗೆ ತೆಗೆದು, ಮಡಿಕೆ ಬಿಚ್ಚದೆ ಮಣೆಯ ಮೇಲೆ ಇಟ್ಟು, ಮತ್ತೆ ಒಳಗೆ ಇಡುತ್ತೇವೆ. ಅದನ್ನು ಬಿಚ್ಚಿದ್ದು ನಾನು ಅಂದೇ ನೋಡಿದ್ದು. ಎಷ್ಟು ಉದ್ದ ಇದೆ ಎಂದು ಅನಿಸಿತು. ತಂಗಿ ಇಷ್ಟು ಎತ್ತರಕ್ಕೆ ಬೆಳೆದಿದ್ದಾಳಲ್ಲ ಎಂದು ಅನಿಸಿತು. ನಾನು ಕಣ್ಣು ಬೇರೆ ಕಡೆ ತಿರುಗಿಸಬೇಕಿತ್ತು, ತಿರುಗಿಸಲಿಲ್ಲ. ಮದುಮಗಳು ಮೆಲ್ಲನೆ ತಲೆ ಎತ್ತಿದಳು. ಅಮ್ಮನ ಪಾತ್ರ ಮಾಡಿದ ಸುಳ್ಯದ ಹೆಂಗಸು ಮುಂದೆ ಬಗ್ಗಿ, ಒಂದು ಜೊತೆ ಚಪ್ಪಲಿ ಇಟ್ಟು ಹೇಳಿದಳು, "ಚಪ್ಪಲಿ ಹಾಕಿಕೋ ಮಗಾ. ಅವರ ಮನೆ ದಾರಿಯಲ್ಲಿ ಮುಳ್ಳುಂಟು."

ಮುಂದೆ ನೆಲದ ಮೇಲೆ ಕೂತ ಮಕ್ಕಳೂ ಕತ್ತೆತ್ತಿ ನೋಡುತ್ತಿದ್ದರು.

ಆಗ ದಲ್ಲಾಳಿಗಳ ಮುಖಂಡ ಬಗ್ಗಿ ದೆವ್ವದ ಕಾಲು ನೋಡಿದ. ದೆವ್ವದ ಪಾದ ಹಿಂದುಮುಂದು ಅಲ್ಲವೇ? "ಅಮ್ಮಾ, ಇದು ಯಾವ ಕಡೆಯಿಂದ ಹಾಕುದು? ಹಾಕಿದರೂ ಇವಳು ಗಂಡನ ಮನೆಗೆ ಹೊರಟರೆ ಬಂದು ಮುಟ್ಟುದು ತವರಿಗೆ!" ಎಂದ. ಕೋಣೆಯಲ್ಲಿ ಬಾಂಬು ಬಿದ್ದ ಹಾಗೆ ನಗು. ಅಷ್ಟರಲ್ಲಿ ಇನ್ನೊಬ್ಬ ಓಡಿ ಬಂದು, ಹೆಣ್ಣನ್ನು ನೋಡಿ ಹೆದರಿ ಮದುಮಗನ ದೆವ್ವ ಮಣೆ ಬಿಟ್ಟು ಓಡಿತು ಎಂದ. ಮತ್ತೆ ನಗು. ಎರಡನೇ ಸಾಲಿನಲ್ಲಿ ನನ್ನ ತಮ್ಮನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಪೆಟ್ಟಿಗೆಯ ಬೀಗದ ಕೈ ಇರುವುದು ಅವಳ ಸೊಂಟದಲ್ಲಿ.

ಸಿನೆಮಾ ಮುಗಿದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಹೆಸರುಗಳು ಬಂದವು. ಸಮಯ ಪಾಲನೆ ಎಂಬುದರ ಎದುರು ನನ್ನ ಹೆಸರು ಬಂದಾಗ ರಿಕ್ಷಾದವ ಬಾಯಲ್ಲಿ ಸೀಟಿ ಹೊಡೆದ. ನಾನು ಕಪ್ಪು ಬಟ್ಟೆ ಬಿಚ್ಚಿಸಿ, ಬೆಂಚು ಹಾಕಿಸಿ, ಎಲೆ ಹಾಕಿಸಿದೆ. ಕೆಲಸದ ನಡುವೆ ಜಗಳ ತೆಗೆಯುವುದು ನನ್ನ ಕ್ರಮವಲ್ಲ. ಐಸ್‌ಕ್ರೀಮ್ ಹಂಚಿ ಮುಗಿಯುವವರೆಗೆ ಯಾರಿಗೂ ಏನೂ ಹೇಳಲಿಲ್ಲ. ನಾನು ಉಣ್ಣಲಿಲ್ಲ ಎಂಬುದು ಕ್ಯಾಮರಾದವನಿಗೆ ಮಾತ್ರ ಗೊತ್ತಾಯಿತು. ಅವನು ಬ್ಯಾರಿ ಮುಸ್ಲಿಮರ ಹುಡುಗ, ಒಳ್ಳೆಯವ. ಕೈ ತೊಳೆಯುವಲ್ಲಿ ನನ್ನ ಪಕ್ಕ ಬಂದು ನಿಂತ.

"ಕಂಟ್ರೋಲರ್ರೇ, ನಿಮಗೆ ಗೊತ್ತಿರ್ಲಿಲ್ವಾ?"

"ಎಲ್ಲಿ ತೆಗೆದದ್ದು ಅದು?"

"ಗುಂಡ್ಯದಲ್ಲಿ, ನಿಮ್ಮ ತಮ್ಮನ ಹೋಟೆಲಿನ ಹಿಂದೆ ಹಳೇ ಮನೆ ಉಂಟಲ್ಲ, ಅಲ್ಲಿ. ನಿಮ್ಮ ಕಣ್ಣಿನ ಆಪರೇಷನ್ ಆದ ವಾರ. ದೊಡ್ಡಪ್ಪನಿಗೆ ಹೇಳಿದ್ದೇನೆ, ಅವರು ಒಪ್ಪಿದ್ದಾರೆ ಅಂತ ಹೇಳಿದಳು ಅವಳು." ಅವನು ನಲ್ಲಿ ನಿಲ್ಲಿಸಿದ. "ನಾನೂ ಒಂದು ಮಾತು ಕೇಳಬೇಕಿತ್ತು. ಕೇಳ್ಲಿಲ್ಲ."

ಆ ವಾರ ನನ್ನ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಶೂಟಿಂಗ್ ಇಲ್ಲ, ನೀವು ಮಲಗಿ ದೊಡ್ಡಪ್ಪ ಎಂದು ಅವಳೇ ಬಂದು ಕಣ್ಣಿಗೆ ಔಷಧ ಬಿಟ್ಟು ಹೋಗಿದ್ದಳು. ತಮ್ಮ ಜಾಗ ಕೊಟ್ಟಿದ್ದ, ತಮ್ಮನ ಹೆಂಡತಿ ಪೆಟ್ಟಿಗೆ ತೆರೆದುಕೊಟ್ಟಿದ್ದಳು. ಒಂದೇ ಮನೆಯಲ್ಲಿ ಉಂಡು ಮಲಗುವವರು ಎಲ್ಲರೂ ಸೇರಿ ಮಾಡಿದ ಕೆಲಸ. ಬೆಳಕಿಂಡಿಯ ಕಡೆ ನೋಡಿದ್ದಕ್ಕೆ ಯಾರ ಕೈ ಹಿಡಿದು ಕೂರಿಸಿದ್ದೆನೋ ಅವನೂ ಸೇರಿದ್ದ.

ತಮ್ಮನ ಮಗಳನ್ನು ಹಾಲಿನ ಹಿಂಬದಿಗೆ, ಪಾತ್ರೆ ತೊಳೆಯುವ ಜಾಗಕ್ಕೆ ಕರೆದೆ. ಕರೆದ ಕಾರಣ ಅವಳಿಗೆ ಗೊತ್ತಿತ್ತು.

"ಅದನ್ನು ತೆಗೆ," ಎಂದೆ.

"ಆಗುದಿಲ್ಲ ದೊಡ್ಡಪ್ಪ. ಸಂಜೆ ಆರಕ್ಕೆ ಹಾಕುದು ಅಂತ ಎಲ್ಲಾ ಕಡೆ ಹೇಳಿ ಆಗಿದೆ. ಅದು ತೆಗೆದರೆ ಎರಡನೇ ಅರ್ಧವೇ ಇಲ್ಲ."

"ಸಿನೆಮಾಕ್ಕೆ ಅಲ್ಲ ಅಂತ ಹೇಳಿದ್ದೆ. ನೀನು ಒಪ್ಪಿದ್ದೆ."

"ಒಪ್ಪಿದ್ದೆ." ಅವಳು ತಲೆ ತಗ್ಗಿಸಲಿಲ್ಲ. "ಆದ್ರೆ ಬಿಡ್ಲಿಕ್ಕೆ ಆಗ್ಲಿಲ್ಲ. ಅವಳು ನನಗೂ ಅತ್ತೆ. ಅವಳ ಒಂದು ಫೋಟೋ ಸಹ ಇಲ್ಲ ನಮ್ಮ ಮನೆಯಲ್ಲಿ. ನಿಮ್ಮ ಹತ್ರ ಆದ್ರೆ ಒಂದು ನೆನಪು ಉಂಟು, ನನಗೆ ಎಂತ ಉಂಟು? ನೀವು ಸಹ ನೋಡ್ಲಿಲ್ಲ. ನಾನು ಮಾಡಿದರೆ ನೀವು ಒಮ್ಮೆ ನೋಡ್ತೀರಿ ಅಂತ ಮಾಡಿದ್ದು."

"ನೋಡಬಾರದು ಅಂತ ನಾನು ನೋಡದೆ ಇದ್ದದ್ದು. ನೀನು ತೋರಿಸಿದೆ."

"ದೊಡ್ಡಪ್ಪ, ಅದೆಲ್ಲ ಈಗ ಯಾರು..."

"ನಾನು."

ಅವಳು ಹೇಳಿದಳು, "ಆ ದಿನವೂ ನಗಾಡಿದ್ದರು ಅಂತ ನೀವೇ ಹೇಳಿದ್ದು. ಹೆಂಗಸರು ತಮಾಷೆ ಮಾಡಿದ್ದರು ಅಂತ."

"ಅವತ್ತು ನಗಾಡಿದವರು ಮುಂದಿನ ಆಟಿಗೆ ಅವಳ ಎಲೆಗೆ ಬಡಿಸಲಿಕ್ಕೆ ಬಂದವರು. ನಿನ್ನ ಜನ ಐಸ್‌ಕ್ರೀಮ್ ತಿಂದು ಹೋದರು."

ದೃಶ್ಯ ತೆಗೆಸಲು ಆಗುವುದಿಲ್ಲ ಎಂಬುದು ನನಗೂ ಅರ್ಥವಾಗಿತ್ತು. ಬಸ್ಸು ಹೊರಟ ಮೇಲೆ ಎಷ್ಟು ಕೂಗಿದರೂ ಅದು ಹಿಂದೆ ಬರುವುದಿಲ್ಲ ಎಂದು ಎಷ್ಟು ಜನರಿಗೆ ನಾನೇ ಹೇಳಿದ್ದೇನೆ. ಆದರೂ ಒಮ್ಮೆ ಕೈ ಅಡ್ಡ ಹಿಡಿದೆ.

"ಅಮ್ಮನ ಆ ಒಂದು ಮಾತು ತೆಗೆ. ಚಪ್ಪಲಿಯದ್ದು. ಉಳಿದದ್ದು ಏನು ಬೇಕಾದರೂ ಮಾಡಿಕೋ. ಗಂಡು ಓಡಿದ್ದು, ಹೆಣ್ಣು ಹೆದರಿಸಿದ್ದು, ಎಲ್ಲ ಇರಲಿ. ಆ ಮಾತು ಮಾತ್ರ ತೆಗೆ."

"ನೋಡ್ತೇನೆ," ಎಂದಳು.

"ನನ್ನ ಹೆಸರನ್ನೂ ತೆಗೆ."

"ಅದು ಈಗಲೇ ತೆಗೀತೇನೆ." ಅವಳ ಮುಖ ಕೆಂಪಾಗಿತ್ತು. ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದು ಕೂತಳು. ನಾನು ಚೀಲ ತೆಗೆದುಕೊಂಡು ಹಿಂದಿನಿಂದ ಹಾದು ಹೋಗುವಾಗ ನನ್ನ ಹೆಸರು ಇದ್ದ ಸಾಲು ಆಗಲೇ ಹೋಗಿತ್ತು. ಎರಡು ವರ್ಷದ ಭಾನುವಾರಗಳನ್ನು ತೆಗೆಯಲು ಅವಳಿಗೆ ಅಷ್ಟೇ ಹೊತ್ತು ಸಾಕಾಯಿತು.

ಸೀರೆ ಕ್ಯಾಮರಾದವನ ಓಮ್ನಿಯಲ್ಲಿತ್ತು. ಕೋಲು, ಟಾರ್ಚು, ದೆವ್ವದ ಕೂದಲು, ಪ್ಲಾಸ್ಟಿಕ್ ತಲೆಬುರುಡೆಗಳ ನಡುವೆ ಒಂದು ರಟ್ಟಿನ ಡಬ್ಬಿಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಅವನೇ ತೆಗೆದು, ತನ್ನ ಅಂಗಡಿಯ ಹೊಸ ಚೀಲದಲ್ಲಿ ಹಾಕಿ, ಎರಡೂ ಕೈಯಲ್ಲಿ ಕೊಟ್ಟ. "ಬಿಡ್ತೇನೆ ನಿಮ್ಮನ್ನು ಮನೆಗೆ, ಬನ್ನಿ," ಎಂದ. ಬೇಡವೆಂದು ಬಸ್ಸಿಗೆ ಹೋದೆ. ಬಸ್ಸಿನಲ್ಲಿ ಚೀಲವನ್ನು ಮೇಲಿನ ಕಂಬಿಯ ಮೇಲೆ ಇಡಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡೆ.

ಮನೆಗೆ ಬಂದ ಮೇಲೆ ಮೊದಲ ಕೆಲಸ ಸುಳ್ಯದ ಕಡೆಯ ಆ ಮನೆಗೆ ಫೋನ್ ಮಾಡುವುದು. ಕುಲೆ ಮದುವೆಯಾದರೂ ಬೀಗತನ ನಿಜವೇ. ಹೋದ ಗಂಡಿನ ಅಣ್ಣ ನನ್ನ ಪ್ರಾಯದವರು. ಸುಬ್ರಹ್ಮಣ್ಯಕ್ಕೆ ಬಂದಾಗಲೆಲ್ಲ ಬಸ್ ನಿಲ್ದಾಣದಲ್ಲಿ ನನ್ನನ್ನು ಹುಡುಕಿ, ಭಾವ ಎಂದು ಕರೆದು, ಚಹಾ ಕುಡಿಸದೆ ಹೋಗುತ್ತಿರಲಿಲ್ಲ. ಆರು ಗಂಟೆಯ ಮೇಲೆ ಯಾರೋ ಮೊಬೈಲಿನಲ್ಲಿ ತೋರಿಸಿ ಅವರಿಗೆ ಗೊತ್ತಾಗುವುದಕ್ಕಿಂತ ನಾನು ಹೇಳುವುದು ಕ್ರಮ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಪೂರ್ತಿ ಕೇಳಿದರು. ಆಮೇಲೆ ಕೇಳಿದರು, "ನಮ್ಮವನ ಪಾತ್ರ ಯಾರು ಮಾಡಿದ್ದು ಭಾವ?"

"ಯಾರೂ ಮಾಡಲಿಲ್ಲ. ಮಣೆ ಖಾಲಿ. ಹೆಣ್ಣಿಗೆ ಹೆದರಿ ಓಡಿದ ಅಂತ ಮಾಡಿದ್ದಾರೆ."

ಆ ಕಡೆ ಅವರು ಕುರ್ಚಿ ಎಳೆದು ಕೂತ ಸದ್ದು ಕೇಳಿತು.

"ನಮ್ಮವ ಓಡುವವ ಅಲ್ಲ ಭಾವ," ಎಂದರು. "ಅವನಿಗೆ ನಡೀಲಿಕ್ಕೂ ಬರ್ತಿರ್ಲಿಲ್ಲ."

"ಗೊತ್ತು."

"ಹುಡುಗಿಯನ್ನು ಒಬ್ಬಳನ್ನೇ ಕೂರಿಸಿದ್ದಾ ಹಾಗಾದ್ರೆ, ಅಷ್ಟು ಜನರ ಎದುರು?"

ಹೌದು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಎದುರು ಹೇಳಲು ನನ್ನಲ್ಲಿ ಏನಾದರೂ ಇರುತ್ತಿತ್ತು. ಆಟಿಗೆ ಬರುತ್ತೇನೆ ಎಂದು ಪ್ರತಿ ವರ್ಷ ಹೇಳುವ ಮಾತನ್ನು ಹೇಳದೆ ಫೋನ್ ಇಟ್ಟರು.

ಅಷ್ಟರಲ್ಲಿ ತಮ್ಮನ ಹೆಂಡತಿ ಬಂದಳು. ಚೀಲ ನೋಡಿ ಬಾಗಿಲಲ್ಲೇ ನಿಂತಳು.

"ಸಿನೆಮಾಕ್ಕೆ ತಾನೆ ಭಾವ. ಹಳೆಯ ಸೀರೆ ಬೇಕು ಅಂದಳು. ಎರಡು ದಿನದಲ್ಲಿ ತರ್ತೇನೆ ಅಂದಳು."

"ನಮ್ಮ ಮನೆಯಲ್ಲಿ ಹಳೆಯ ಸೀರೆ ಬೇರೆ ಇರಲಿಲ್ವಾ?"

"ಅವಳು ಇದನ್ನೇ ಕೇಳಿದ್ದು. ಮಗಳು ಕೇಳುವಾಗ ಇಲ್ಲ ಅನ್ಲಿಕ್ಕೆ ಆಗ್ತದಾ?" ಆಮೇಲೆ ಧ್ವನಿ ಇಳಿಸಿದಳು. "ನಗು ಬಂತು ಭಾವ. ಎಲ್ಲರೂ ನಗುವಾಗ ಬಂತು. ಬೇಕೂಂತ ನಗಾಡಿದ್ದಲ್ಲ."

"ಕೀ ಕೊಡು," ಎಂದೆ.

ಅವಳು ಗೊಂಚಲಿನಿಂದ ಆ ಒಂದು ಕೀಯನ್ನು ಬಿಡಿಸಲು ಹೋದಳು. ರಿಂಗ್ ಬಿಗಿಯಾಗಿತ್ತು, ಉಗುರು ಹಾಕಿ ಎಳೆಯಬೇಕಾಯಿತು. ಅಮ್ಮ ಅವಳಿಗೆ ಮದುವೆಯ ವರ್ಷವೇ ಒಪ್ಪಿಸಿದ ಕೀ. ಕೊಟ್ಟು ಒಳಗೆ ಹೋದಳು.

ಸೀರೆಯನ್ನು ಬಾವಿಕಟ್ಟೆಯಲ್ಲಿ ಬಿಡಿಸಿದೆ. ಸೆರಗಿನಲ್ಲಿ ಮುಖಕ್ಕೆ ಹಚ್ಚುವ ಬಿಳಿ ಪುಡಿ, ಒಡಲಿನಲ್ಲಿ ರಕ್ತವೆಂದು ತೋರಿಸಲು ಎರಚಿದ ಕೆಂಪು ಬಣ್ಣ. ನೀರಿನಲ್ಲಿ ಅದ್ದಿ ಕೈಯಿಂದಲೇ ತೊಳೆದೆ, ಕಲ್ಲಿಗೆ ಬಡಿಯಲಿಲ್ಲ. ಪುಡಿ ಹೋಯಿತು. ಕೆಂಪು ಪೂರ್ತಿ ಹೋಗಲಿಲ್ಲ, ಮಸುಕಾಗಿ ಹರಡಿ ನಿಂತಿತು. ಇಲಿ ಕಚ್ಚಿದ ಜಾಗದ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಒಣಗುವವರೆಗೆ ಕಾದು, ಕೆಂಪು ನೂಲು ಹುಡುಕಿ, ಆಪರೇಷನ್ ಆದ ಕಣ್ಣಿನಲ್ಲಿ ಸೂಜಿಗೆ ಪೋಣಿಸಿ, ಬಿಟ್ಟಷ್ಟನ್ನು ಹಾಕಿದೆ. ನನ್ನ ಹೊಲಿಗೆ ಅಮ್ಮನದ್ದರಷ್ಟು ಸಣ್ಣದಾಗಿ ಬರಲಿಲ್ಲ.

ಬಿಸಿಲು ಇಳಿಯುವಾಗ ಸೀರೆಯನ್ನು ಒಳಗೆ ತಂದು ಚಾವಡಿಯ ನೆಲದ ಮೇಲೆ ಹಾಸಿದೆ. ಹಳೆಯ ಮಡಿಕೆಯ ಗೆರೆಗಳು ನೀರಿನಲ್ಲಿ ಹೋಗಿದ್ದವು. ಪ್ರತಿ ವರ್ಷ ನೋಡಿದ ನೆನಪಿನ ಮೇಲೆ ಅಂಚು ಹೊರಗೆ ಬರುವಂತೆ ಮಡಚತೊಡಗಿದೆ. ಗಡಿಯಾರ ಆರು ಹೊಡೆಯಿತು. ಸ್ವಲ್ಪ ಹೊತ್ತಿನಲ್ಲಿ ನನ್ನ ಫೋನು ಗುಂಯ್ ಎನ್ನಲು ಶುರುವಾಯಿತು. ತಂಡದ ಗುಂಪಿನಲ್ಲಿ ಒಬ್ಬರ ಮೇಲೊಬ್ಬರು ಹಾರೈಸುತ್ತಿರಬೇಕು. ತೆರೆಯಲಿಲ್ಲ.

ಗೋಡೆಯ ಆಚೆಯ ಕೋಣೆಯಲ್ಲಿ ತಮ್ಮನ ಹೆಂಡತಿ ಮೊಬೈಲ್ ಹಚ್ಚಿದಳು. ಸಿನೆಮಾದ ಧ್ವನಿ ಕೇಳಿತು. ಅವಳು ಬೆರಳಿನಿಂದ ಮುಂದೆ ಮುಂದೆ ಓಡಿಸುತ್ತಿದ್ದಳು. ಮಾತುಗಳು ತುಂಡು ತುಂಡಾಗಿ ಬರುತ್ತಿದ್ದವು. ಅವಳೂ ಅದನ್ನೇ ಹುಡುಕುತ್ತಿದ್ದಳು ಎಂದು ತೋರುತ್ತದೆ. ಧಾರೆಯ ವಾದ್ಯ ಬಂದಾಗ ಓಡಿಸುವುದನ್ನು ನಿಲ್ಲಿಸಿದಳು. ನಾನು ಮಡಿಕೆ ಹಿಡಿದು ಗೋಡೆಗೆ ಬೆನ್ನು ಕೊಟ್ಟು ಕೂತೆ. ವಾದ್ಯ ನಿಂತಿತು.

"ಚಪ್ಪಲಿ ಹಾಕಿಕೋ ಮಗಾ. ಅವರ ಮನೆ ದಾರಿಯಲ್ಲಿ ಮುಳ್ಳುಂಟು."

ತೆಗೆದಿರಲಿಲ್ಲ. ಅದರ ಹಿಂದೆಯೇ ರಿಕ್ಷಾದವನ ಮಾತೂ ಬಂತು, ಕಾಲು ಯಾವ ಕಡೆ ಎಂದು. ಆಚೆ ಕೋಣೆಯಲ್ಲಿ ಈ ಸಲ ಯಾರೂ ನಗಲಿಲ್ಲ. ಮೊಬೈಲು ಬಂದ್ ಆಯಿತು.

ನೋಡ್ತೇನೆ ಎಂದಿದ್ದಳು ತಮ್ಮನ ಮಗಳು. ನೋಡಿದ್ದಾಳೆ, ಬಿಟ್ಟಿದ್ದಾಳೆ. ಈಗ ಆ ಮಾತನ್ನು ಯಾರು ಬೇಕಾದರೂ ಕೇಳಬಹುದು, ಎಷ್ಟು ಸಲ ಬೇಕಾದರೂ ಕೇಳಬಹುದು. ಹೊಳೆಯ ಬದಿಯ ಕಲ್ಲಿನ ಮೇಲೆ ಕೂತು ನಾನು ಅವಳ ಕೈಗೆ ಕೊಟ್ಟದ್ದು ಅದು. ನನ್ನ ಹತ್ತಿರ ತಂಗಿಯ ಮದುವೆಯದ್ದೆಂದು ಅದೊಂದೇ ಇತ್ತು.

ಎದ್ದು ಪೆಟ್ಟಿಗೆ ತೆರೆದೆ. ಬಳೆ, ಕರಿಮಣಿ ಅಲ್ಲಿಯೇ ಇದ್ದವು. ಅವುಗಳನ್ನು ಯಾರೂ ಮುಟ್ಟಿರಲಿಲ್ಲ. ಕೆಂಪು ಕಲೆ ಒಳಗೆ ಹೋಗುವಂತೆ ಸೀರೆಯನ್ನು ಇನ್ನೊಮ್ಮೆ ಮಡಚಿ, ಕೆಳಗೆ ಒಣ ಬೇವಿನ ಎಲೆ ಹರಡಿ, ಮೇಲೆ ಇಟ್ಟೆ. ಮುಚ್ಚಳ ಹಾಕಿ ಬೀಗ ಒತ್ತಿದೆ. ಕೊರಳಿನಲ್ಲಿ ಬೆಳಿಗ್ಗೆಯಿಂದ ಇದ್ದ ದಾರದಿಂದ ಸೀಟಿಯನ್ನು ಬಿಚ್ಚಿ ಮೇಜಿನ ಖಾನೆಯಲ್ಲಿ ಹಾಕಿ, ಅದೇ ದಾರಕ್ಕೆ ಕೀ ಪೋಣಿಸಿ, ಗಂಟು ಹಾಕಿ, ಅಂಗಿಯ ಒಳಗೆ ಬಿಟ್ಟುಕೊಂಡೆ.